ತುಂಗಭದ್ರಾ ಜಲಾಶಯದ ಮಟ್ಟವನ್ನು ಉಪಗ್ರಹದಿಂದ ಅಳೆಯುವುದು: ಲೆಕ್ಕ ಎಲ್ಲಿ ಸರಿಹೋಗುತ್ತೆ, ಎಲ್ಲಿ ತಪ್ಪುತ್ತೆ

ತುಂಗಾತೀರ | ಪೋಸ್ಟ್ 1

ಪತ್ರಿಕೆಗಳಲ್ಲಿ ದಿನಾ ಬರುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ಉಪಗ್ರಹ ಆಲ್ಟಿಮೀಟರ್ (ರಾಡಾರ್ ಅಲೆ ಕಳಿಸಿ, ಅದು ಮರಳುವ ಹೊತ್ತಿನಿಂದ ದೂರ ಅಳೆಯುವ ಉಪಕರಣ) ಅಳತೆಯ ಪಕ್ಕದಲ್ಲಿಟ್ಟು ನೋಡುವವರಿಗಾಗಿ ಈ ಚರ್ಚೆ. ಉದಾಹರಣೆಗೆ ತುಂಗಭದ್ರೆಯನ್ನೇ ತೆಗೆದುಕೊಳ್ಳೋಣ. ಪೂರ್ಣ ಮಟ್ಟ 1633 ಅಡಿ, ಅಂದರೆ 497.74 ಮೀಟರ್. ತುಂಬಿದಾಗ ನೀರಿನ ಹರವು ಸುಮಾರು 378 ಚದರ ಕಿ.ಮೀ. ಹೂಳು ಕಳೆದು ಈಗಿನ ಸಂಗ್ರಹ 105.788 ಟಿಎಂಸಿ. ಅಗಲವಾದ ನೀರು, ಹೆಚ್ಚಿನ ಕಡೆ ಸುತ್ತ ಬಯಲು. ಆಲ್ಟಿಮೀಟರ್‌ಗೆ ಕರ್ನಾಟಕದಲ್ಲಿ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.

ಯುರೋಪಿನ ಸೆಂಟಿನೆಲ್-3 ಉಪಗ್ರಹದ ಲೆವೆಲ್-2 (ಸಂಸ್ಕರಿಸಿದ) ಭೂಪ್ರದೇಶದ ಕಡತ ತೆರೆದು, ಉಪಗ್ರಹದ ಎತ್ತರದಿಂದ ರಾಡಾರ್ ಅಳೆದ ದೂರವನ್ನು ಕಳೆದರೆ ಬರುವ ಸಂಖ್ಯೆ ಅಣೆಕಟ್ಟಿನ ಸಂಖ್ಯೆಗಿಂತ 80 ಮೀಟರ್ ಆಸುಪಾಸು ಕೆಳಗಿರುತ್ತೆ. ಜಿಯಾಯ್ಡ್ (ಸಮುದ್ರಮಟ್ಟವನ್ನು ನೆಲದಡಿಗೂ ಮುಂದುವರಿಸಿದಂಥ ಗುರುತ್ವದ ಮೇಲ್ಮೈ) ಲೆಕ್ಕಕ್ಕೆ ಸೇರಿಸಿದ ಮೇಲೂ ಒಂದಷ್ಟು ವ್ಯತ್ಯಾಸ ಉಳಿಯುತ್ತೆ, ಅದೂ ಉಪಗ್ರಹದ ಒಂದೊಂದು ಹಾದಿಯಲ್ಲಿ ಒಂದೊಂದು ಥರ. ಈ ಉಳಿಕೆಯಲ್ಲಿ ಯಾವ ಪಾಲು ಎಲ್ಲಿಂದ ಬರುತ್ತೆ ಎಂದು ಬಿಡಿಸಿ ನೋಡಬೇಕು. ಅಗಲ ಪಟ್ಟಿಯನ್ನೇ ಒಮ್ಮೆಗೆ ಅಳೆಯುವ ಸ್ವಾಟ್ ಉಪಗ್ರಹ ಬಂದಮೇಲೆ, ತನ್ನ ನೇರ ಕೆಳಗನ್ನಷ್ಟೇ ಅಳೆಯುವ ಹಳೆಯ ಆಲ್ಟಿಮೀಟರ್‌ಗಳ ಅಗತ್ಯ ಇದೆಯೇ ಅನ್ನುವುದನ್ನೂ ಚರ್ಚಿಸೋಣ.


ಅಲೆಯಳತೆ | ಪೋಸ್ಟ್ 2

ಮೊದಲು ಸಮೀಕರಣ. ಎಲ್ಲ ತಪ್ಪುಗಳೂ ಇದರ ಯಾವುದೋ ಒಂದು ಪದದಲ್ಲೇ ಕೂತಿರುತ್ತವೆ.

ನೀರಿನ ಮಟ್ಟ = ಉಪಗ್ರಹದ ಎತ್ತರ − (ಅಳೆದ ದೂರ + ಒಣ ವಾಯುಮಂಡಲದ ತಿದ್ದುಪಡಿ + ತೇವಾಂಶದ ತಿದ್ದುಪಡಿ + ಅಯಾನುಗೋಳದ ತಿದ್ದುಪಡಿ) − ಘನ ಭೂಮಿಯ ಉಬ್ಬರ − ಧ್ರುವ ಉಬ್ಬರ − ಜಿಯಾಯ್ಡ್ ಎತ್ತರ

ವಾಯುಮಂಡಲದ ತಿದ್ದುಪಡಿಗಳು ಗಾಳಿ, ತೇವಾಂಶ, ಅಯಾನುಗೋಳ ರಾಡಾರ್ ಅಲೆಯನ್ನು ತಡಮಾಡುವುದಕ್ಕೆ. ಘನ ಭೂಮಿಯ ಉಬ್ಬರ ಅಂದರೆ ಚಂದ್ರ–ಸೂರ್ಯರ ಸೆಳೆತಕ್ಕೆ ನೆಲವೇ ಏರಿಳಿಯುವುದು, ಧ್ರುವ ಉಬ್ಬರ ಅಂದರೆ ಭೂಮಿಯ ಅಕ್ಷ ತುಸು ಓಲಾಡುವುದರಿಂದ ಆಗುವ ಏರಿಳಿತ. ಕಡತದಲ್ಲಿ ವಾಯುಮಂಡಲದ ತಿದ್ದುಪಡಿಗಳು ಋಣ ಸಂಖ್ಯೆಗಳಾಗಿಯೇ ಇರುತ್ತವೆ. ಅಳೆದ ದೂರಕ್ಕೆ ಹಾಗೇ ಕೂಡಿಸಬೇಕು. ಇವು ಕಳೆಯುವ ತಿದ್ದುಪಡಿಗಳಲ್ಲವೇ ಎಂದು ಮತ್ತೊಮ್ಮೆ ಋಣ ಚಿಹ್ನೆ ಹಾಕಿದರೆ ತಪ್ಪು ಇಮ್ಮಡಿಯಾಗುತ್ತೆ. ನಿಮ್ಮ ಮಟ್ಟ ನಾಲ್ಕೂವರೆ–ಐದು ಮೀಟರ್ ಕೆಳಗೆ ಬಂದಿದ್ದರೆ ಬೇರೆಲ್ಲೂ ಹುಡುಕಬೇಡಿ, ಚಿಹ್ನೆ ನೋಡಿ.

ಒಣ ವಾಯುಮಂಡಲದ ವಿಳಂಬ ಸಮುದ್ರಮಟ್ಟದಲ್ಲಿ 2.3 ಮೀಟರ್. ತುಂಗಭದ್ರೆಯ ಎತ್ತರದಲ್ಲಿ ಗಾಳಿಯ ಒತ್ತಡ 955 ಹೆಕ್ಟೋಪಾಸ್ಕಲ್ ಹತ್ತಿರ, ಹಾಗಾಗಿ ವಿಳಂಬ 2.17 ಮೀಟರ್. ಕಡತದಲ್ಲಿ ಈ ತಿದ್ದುಪಡಿ ಎರಡು ರೂಪದಲ್ಲಿರುತ್ತೆ: ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ್ದು ಒಂದು, ಅಳತೆಯ ಜಾಗದ ಎತ್ತರಕ್ಕೆ ಲೆಕ್ಕ ಹಾಕಿದ್ದು ಇನ್ನೊಂದು. ಎರಡನೆಯದೇ ಬೇಕು. ಇಲ್ಲಿ ಇದರಿಂದಾಗುವ ವ್ಯತ್ಯಾಸ 14 ಸೆಂ.ಮೀ. ಮಾತ್ರ, ಅದೂ ಬಹುಪಾಲು ಸ್ಥಿರ. 3,800 ಮೀಟರ್ ಎತ್ತರದ ಟಿಟಿಕಾಕಾ ಸರೋವರದಲ್ಲಿ ಇದೇ ಎಡವಟ್ಟು ಮುಕ್ಕಾಲು ಮೀಟರ್ ದಾಟುತ್ತೆ.

ತೇವಾಂಶದ ತಿದ್ದುಪಡಿಯ ವಿಷಯ ಬೇರೆ. ನಮ್ಮ ಕಡೆ ಮಳೆಗಾಲದಲ್ಲಿ ಅದು 30 ಸೆಂ.ಮೀ. ಆಸುಪಾಸು ಇರುತ್ತೆ, ಚಳಿಗಾಲದ ಒಣ ದಿನಗಳಲ್ಲಿ ಅದರ ಅರ್ಧಕ್ಕೆ ಇಳಿಯುತ್ತೆ. ಬಿಟ್ಟುಬಿಟ್ಟರೆ ಮಟ್ಟಕ್ಕೆ ಇಲ್ಲದ ಒಂದು ಋತುಮಾನದ ಏರಿಳಿತ ಅಂಟಿಕೊಳ್ಳುತ್ತೆ. ಸರಾಸರಿ ಕಳೆದರೂ ಅದು ಹೋಗುವುದಿಲ್ಲ. ಉಪಗ್ರಹದಲ್ಲಿರುವ, ತೇವಾಂಶ ಅಳೆಯುವ ರೇಡಿಯೋಮೀಟರ್ ಸಮುದ್ರಕ್ಕೆ ಮಾಡಿದ್ದು. ಅದರ ಕಣ್ಣಿಗೆ ಬೀಳುವ ವೃತ್ತ 20 ಕಿ.ಮೀ. ಅಗಲ, ಅದರಲ್ಲಿ ದಡದ ನೆಲವೂ ಸೇರುತ್ತೆ. ಆದ್ದರಿಂದ ಯುರೋಪಿನ ಹವಾಮಾನ ಮಾದರಿಯಿಂದ ಬಂದ ತೇವಾಂಶವನ್ನೇ ಬಳಸಿ.

ಇನ್ನೊಂದು ಮಾತು. ಸಮುದ್ರದ ಅಲೆಗಳಿಂದ ಬರುವ ಬೈಯಸ್ (ಒಂದೇ ಕಡೆಗೆ ವಾಲುವ ತಪ್ಪು), ಕಡಲ ಉಬ್ಬರವಿಳಿತ, ವಿಲೋಮ ಬ್ಯಾರೋಮೀಟರ್ (ಗಾಳಿಯ ಒತ್ತಡಕ್ಕೆ ಕಡಲು ಏರಿಳಿಯುವುದು) ಇವು ಕಡಲಿಗೆ ಮೀಸಲು. ಕಡತದಲ್ಲಿ ಇವೆ ಅಂತ ಎಳೆದು ಜಲಾಶಯಕ್ಕೆ ಹಚ್ಚಬಾರದು. ತಿದ್ದುಪಡಿಗಳು ಸೆಕೆಂಡಿಗೊಂದು, ದೂರದ ಅಳತೆ ಸೆಕೆಂಡಿಗೆ 20. ಕಾಲದ ಅಕ್ಷದ ಮೇಲೆ ನಡುವಿನ ಬೆಲೆಗಳನ್ನು ಲೆಕ್ಕ ಹಾಕಿ, ಅಂದರೆ ಇಂಟರ್‌ಪೊಲೇಟ್ ಮಾಡಿಯೇ ಕೂಡಿಸಬೇಕು. ಕ್ರಮಸಂಖ್ಯೆಯನ್ನು 20ರಿಂದ ಭಾಗಿಸಿ ಜೋಡಿಸಿದರೆ ದಡದ ಹತ್ತಿರ ಕೈಕೊಡುತ್ತೆ.


ಕಕ್ಷೆಗಣಿತ | ಪೋಸ್ಟ್ 3

ಸಮೀಕರಣಕ್ಕೂ ಮುಂಚೆ ಹಾದಿ ನೋಡಿ. ಉಪಗ್ರಹದ ನೆಲಹಾದಿ ನೀರನ್ನು ಎಲ್ಲಿ ದಾಟುತ್ತೆ, ಎಷ್ಟು ಉದ್ದ ದಾಟುತ್ತೆ ಅನ್ನುವುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ.

ಟೋಪೆಕ್ಸ್/ಪೊಸೈಡಾನ್ 1992ರಲ್ಲಿ ಹಿಡಿದ ಹಾದಿಯನ್ನೇ ಜೇಸನ್-1, 2, 3 ಮತ್ತು 2020ರಲ್ಲಿ ಹೋದ ಸೆಂಟಿನೆಲ್-6 ಮುಂದುವರಿಸಿದವು. ಸುಮಾರು 10 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುತ್ತವೆ, ಆದರೆ ಸಮಭಾಜಕದಲ್ಲಿ ಹಾದಿಗಳ ನಡುವೆ 315 ಕಿ.ಮೀ. ಅಂತರ. ಯುರೋಪಿನ ಇಆರ್‌ಎಸ್ ಮತ್ತು ಎನ್ವಿಸ್ಯಾಟ್, ಜೊತೆಗೆ ಇಸ್ರೋ ಮತ್ತು ಫ್ರಾನ್ಸಿನ ಸಿಎನ್‌ಇಎಸ್ ಸೇರಿ 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿಸಿದ ಸರಳ್ ಇವು 35 ದಿನದ ಸಾಲಿನವು, ಅಂತರ 80 ಕಿ.ಮೀ. ಹತ್ತಿರ. ಸೆಂಟಿನೆಲ್-3ಎ ಮತ್ತು 3ಬಿ ತಲಾ 27 ದಿನ, ಎರಡೂ ಸೇರಿದರೆ ಅಂತರ 52 ಕಿ.ಮೀ. ಹಾದಿಯ ಕೆಎಂಎಲ್ ಕಡತಗಳು ಉಚಿತವಾಗಿ ಸಿಗುತ್ತವೆ. ನಕ್ಷೆಯ ಮೇಲೆ ಹಾಸಿ, ಅದರ ಕೆಳಗೆ ಭೂಮೇಲ್ಮೈ ನೀರಿನ ಜಾಗತಿಕ ನಕ್ಷೆಯನ್ನು ಇಡಿ. ವರ್ಷದ ಬಹುಪಾಲು ನೀರಿರುವ ಪಿಕ್ಸೆಲ್‌ಗಳ ಮೇಲೆ ಕನಿಷ್ಠ ಎರಡು ಕಿ.ಮೀ. ದಾಟುವ ಹಾದಿ ಸಿಕ್ಕರೆ ಮುಂದುವರಿಯಿರಿ. ದಾಟು ಗೆರೆ ದಡಕ್ಕೆ ಸಮಾನಾಂತರವಾಗಿದ್ದರೆ ಉದ್ದ ಎಷ್ಟಿದ್ದರೂ ಆ ಹಾದಿ ಬೇಡ.

ತುಂಗಭದ್ರೆಯಂಥ ಜಲಾಶಯಕ್ಕೆ ಬೇಸಿಗೆಯಲ್ಲಿ ಒಂದು ವಿಶೇಷ ತೊಂದರೆ ಇದೆ. ನೀರು ಅಣೆಕಟ್ಟಿನ ಕಡೆಗೆ ಸರಿದು ಬಾಲದ ಕಡೆ ಕೆಸರು, ಹುಲ್ಲು, ಬಿತ್ತನೆಯ ನೆಲ ತೇಲುತ್ತೆ. ಹಾದಿ ಆ ಭಾಗವನ್ನು ದಾಟುತ್ತಿದ್ದರೆ ರಾಡಾರ್ ಸುಮ್ಮನಿರುವುದಿಲ್ಲ, ನೆಲದ ಎತ್ತರವನ್ನೇ ಅಳೆದುಕೊಡುತ್ತೆ. ಗ್ರಾಫ್‌ನಲ್ಲಿ ಫೆಬ್ರವರಿಯಿಂದ ಜೂನ್ ತನಕ ಮಟ್ಟ ಒಂದೇ ಕಡೆ ನಿಂತ ಹಾಗೆ ಕಾಣುವುದು ಇದರ ಗುರುತು. ವರ್ಷವಿಡೀ ಒಂದೇ ನೀರಿನ ಗಡಿ ಬಳಸುವುದನ್ನು ಬಿಟ್ಟು, ಆಯಾ ದಿನಕ್ಕೆ ಹತ್ತಿರದ ಸೆಂಟಿನೆಲ್-1 ರಾಡಾರ್ ಚಿತ್ರದಿಂದ ನೀರಿನ ಗಡಿ ತೆಗೆದು, ಅದರೊಳಗಿನ ಬಿಂದುಗಳನ್ನು ಮಾತ್ರ ಇಟ್ಟುಕೊಳ್ಳಿ.


ಮಲೆನೀರು | ಪೋಸ್ಟ್ 4

ಲಿಂಗನಮಕ್ಕಿಗೂ ಇದೇ ಕ್ರಮ ನಡೆಯುತ್ತಾ? ಪೂರ್ಣ ಮಟ್ಟ 1819 ಅಡಿ, 151 ಟಿಎಂಸಿ, ಹರವು ಕಮ್ಮಿಯೇನಲ್ಲ. ಆದರೆ ಬೆರಳು ಬೆರಳಾಗಿ ಗುಡ್ಡಗಳ ಸಂದಿಯಲ್ಲಿ ಹೊಕ್ಕ ನೀರು, ನಡುನಡುವೆ ನಡುಗಡ್ಡೆ.


ಅಲೆಯಳತೆ | ಪೋಸ್ಟ್ 5

ನಡೆಯುತ್ತೆ, ಆದರೆ ಎರಡು ಕಡೆ ಬಿಗಿಯಾಗಿ ಕಣ್ಣಿಡಬೇಕು.

ಒಂದು, ಟ್ರ್ಯಾಕರ್, ಅಂದರೆ ಪ್ರತಿಧ್ವನಿಯನ್ನು ಯಾವ ದೂರದಲ್ಲಿ ಕಾಯಬೇಕೆಂದು ನಿರ್ಧರಿಸುವ ಭಾಗ. ಆಲ್ಟಿಮೀಟರ್ ಕೇಳಿಸಿಕೊಳ್ಳುವುದು ಸುಮಾರು 60 ಮೀಟರ್ ಎತ್ತರದ ಒಂದು ಕಿಟಕಿಯಷ್ಟನ್ನೇ. ಸೆಂಟಿನೆಲ್-3ರಲ್ಲಿ 128 ಗೇಟ್ (ದೂರದ ಮೆಟ್ಟಿಲು), ಒಂದೊಂದು 0.47 ಮೀಟರ್. ಆ ಕಿಟಕಿಯನ್ನು ಎಲ್ಲಿಡಬೇಕು ಅಂತ ಉಪಗ್ರಹ ಹಿಂದಿನ ಪ್ರತಿಧ್ವನಿ ನೋಡಿ ತಾನೇ ತೀರ್ಮಾನಿಸಿದರೆ, ಘಟ್ಟದಲ್ಲಿ ಅದು ಗುಡ್ಡದ ನೆತ್ತಿಗೆ ಅಂಟಿಕೊಂಡುಬಿಡುತ್ತೆ. ನೂರಿನ್ನೂರು ಮೀಟರ್ ಕೆಳಗಿರುವ ನೀರು ಕಿಟಕಿಯೊಳಗೆ ಬರುವುದೇ ಇಲ್ಲ. ಅದಕ್ಕಾಗಿಯೇ ನೆಲದ ಎತ್ತರದ ಪಟ್ಟಿಯನ್ನು ಮೊದಲೇ ಉಪಗ್ರಹದ ಸ್ಮೃತಿಗೆ ತುಂಬುವ ತೆರೆದ ವಲಯದ ಪದ್ಧತಿ ಬಂತು. ಸೆಂಟಿನೆಲ್-3ಎಯಲ್ಲಿ ಈ ಪಟ್ಟಿ 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ಪರಿಷ್ಕಾರ ಆಯಿತು. ಯಾವ ಜಲಾಶಯಕ್ಕೆ ಎಷ್ಟು ಎತ್ತರ ತುಂಬಿದ್ದಾರೆ ಅನ್ನುವುದನ್ನು ಸಾರ್ವಜನಿಕರೂ ನೋಡಬಹುದು, ಬಿಟ್ಟುಹೋದ ಜಲಾಶಯವನ್ನು ಸೂಚಿಸಲೂಬಹುದು. ಪರಿಷ್ಕಾರಕ್ಕೆ ಮುಂಚಿನ ದತ್ತಾಂಶದಲ್ಲಿ ಘಟ್ಟದ ಜಲಾಶಯದ ಮಟ್ಟ ಹುಚ್ಚುಹುಚ್ಚಾಗಿ ಕಂಡರೆ ಅದನ್ನು ಸೋಸಿ ಉಳಿಸಲು ಹೋಗಬೇಡಿ. ಅದರಲ್ಲಿ ನೀರಿನ ಪ್ರತಿಧ್ವನಿಯೇ ಇಲ್ಲ.

ಎರಡು, ಓರೆನೋಟ. ಉಪಗ್ರಹ ದಡದ ಮೇಲಿರುವಾಗಲೇ ಪಕ್ಕದ ನೀರಿನ ಹೊಳಪು ಅದಕ್ಕೆ ಕಾಣುತ್ತೆ, ಯಾಕೆಂದರೆ ನಿಂತ ನೀರು ನೆಲಕ್ಕಿಂತ ಎಷ್ಟೋ ಪಟ್ಟು ಪ್ರಬಲವಾಗಿ ಪ್ರತಿಫಲಿಸುತ್ತೆ. ಆಗ ಅಳೆಯುವುದು ಓರೆ ದೂರ. ಅದು ನೇರ ದೂರಕ್ಕಿಂತ ಹೆಚ್ಚು, ಆದ್ದರಿಂದ ನೀರು ತಗ್ಗಿನಲ್ಲಿದ್ದಂತೆ ಲೆಕ್ಕ ಬರುತ್ತೆ. ಹೆಚ್ಚುವರಿ ದೂರ ಎಂದರೆ ಅಡ್ಡ ದೂರದ ವರ್ಗವನ್ನು ಉಪಗ್ರಹದ ಎತ್ತರದ ಇಮ್ಮಡಿಯಿಂದ ಭಾಗಿಸಿದ್ದು. 814 ಕಿ.ಮೀ. ಎತ್ತರದಿಂದ ಒಂದು ಕಿ.ಮೀ. ಓರೆಗೆ ನೋಡಿದರೆ 60–70 ಸೆಂ.ಮೀ. ತಪ್ಪು, ಮೂರು ಕಿ.ಮೀ. ಓರೆಗೆ ಆರು ಮೀಟರ್ ಹತ್ತಿರ. ಹಾದಿಯುದ್ದಕ್ಕೂ ಗೀಚಿದರೆ ನೀರಿನ ಎರಡೂ ಬದಿ ಕೆಳಗೆ ಬಾಗಿದ ಪರವಲಯ ಕಾಣುತ್ತೆ. ಆ ಬಾಗಿದ ಭಾಗಗಳನ್ನು ಕತ್ತರಿಸಿ, ನಡುವಿನ ಚಪ್ಪಟೆ ಭಾಗವನ್ನಷ್ಟೇ ಇಟ್ಟುಕೊಳ್ಳುವುದು ಸುಲಭದ ದಾರಿ.

ಸೆಂಟಿನೆಲ್-3ರ ಸಾರ್ (ಹಾದಿಯುದ್ದಕ್ಕೂ ಸಣ್ಣ ತುಂಡುಗಳಾಗಿ ಬಿಡಿಸಿ ನೋಡುವ) ಮೋಡ್‌ನಲ್ಲಿ ಹಾದಿಯ ದಿಕ್ಕಿನಲ್ಲಿ 300 ಮೀಟರ್‌ನಷ್ಟು ಸೂಕ್ಷ್ಮತೆ ಇರುವುದರಿಂದ ಹಿಂದೆ–ಮುಂದಿನ ಓರೆನೋಟ ಬಹಳ ಕಡಿಮೆಯಾಗಿದೆ. ಎಡ–ಬಲದ ಓರೆನೋಟ ಹಾಗೇ ಇದೆ. ಲಿಂಗನಮಕ್ಕಿಯ ಬೆರಳುಗಳಲ್ಲಿ ಪೀಡಿಸುವುದು ಇದೇ: ಹಾದಿಯ ಕೆಳಗಿನ ಬೆರಳು ಒಂದು ಪ್ರತಿಧ್ವನಿ ಕೊಟ್ಟರೆ ಎರಡು ಕಿ.ಮೀ. ಪಕ್ಕದ ಬೆರಳು ಇನ್ನೊಂದು ಕೊಡುತ್ತೆ. ಒಂದೇ ವೇವ್‌ಫಾರ್ಮ್‌ನಲ್ಲಿ (ಪ್ರತಿಧ್ವನಿಯ ಶಕ್ತಿಯ ಗೆರೆ) ಎರಡು ಶಿಖರ. ಎರಡೂ ನೀರೇ, ಎರಡರ ಮಟ್ಟವೂ ಒಂದೇ. ಆದರೂ ಎರಡನೆಯದು ಎರಡೂವರೆ ಮೀಟರ್ ತಗ್ಗಿ ಕಾಣುತ್ತೆ.


ತುಂಗಾತೀರ | ಪೋಸ್ಟ್ 6

ಹಾಗಾದರೆ ರಿಟ್ರ್ಯಾಕರ್ (ಪ್ರತಿಧ್ವನಿಯಿಂದ ನಿಖರ ದೂರ ತೆಗೆಯುವ ವಿಧಾನ) ಆಯ್ಕೆ ಹೇಗೆ? ಕಡತದಲ್ಲಿ ಸಮುದ್ರದ ರಿಟ್ರ್ಯಾಕರ್, ಓಕಾಗ್, ಹಿಮಹಾಸಿನದ್ದು ಎಂದು ಬೇರೆಬೇರೆ ದೂರಗಳಿವೆ. ಪರಸ್ಪರ ಹತ್ತಾರು ಸೆಂ.ಮೀ. ವ್ಯತ್ಯಾಸ ಬರುತ್ತೆ.


ಅಲೆಯಳತೆ | ಪೋಸ್ಟ್ 7

ಸಮುದ್ರದ ರಿಟ್ರ್ಯಾಕರ್ ಅಲೆಯೇಳುವ ವಿಶಾಲ ಮೇಲ್ಮೈಯ ಭೌತಿಕ ಮಾದರಿಯನ್ನು ವೇವ್‌ಫಾರ್ಮ್‌ಗೆ ಹೊಂದಿಸುತ್ತೆ. ಜಲಾಶಯದ ವೇವ್‌ಫಾರ್ಮ್ ಹಾಗಿರುವುದಿಲ್ಲ. ಕನ್ನಡಿಯಂಥ ನೀರಾದರೆ ಸೂಜಿಯಂಥ ಒಂದೇ ಶಿಖರ, ದಡ ಸೇರಿದರೆ ಮೂರ್ನಾಲ್ಕು ಶಿಖರ. ಮಾದರಿ ಹೊಂದದಿದ್ದಾಗ ಅದು ಖಾಲಿ ಬಿಡುತ್ತೆ ಅಥವಾ ಅಸಂಬದ್ಧ ಸಂಖ್ಯೆ ಕೊಡುತ್ತೆ. ಓಕಾಗ್‌ಗೆ ಮಾದರಿಯೇ ಇಲ್ಲ. ಪ್ರತಿ ಗೇಟಿನ ಶಕ್ತಿಯ ವರ್ಗವನ್ನು ತೂಕವಾಗಿಟ್ಟು ವೇವ್‌ಫಾರ್ಮ್‌ನ ಗುರುತ್ವಕೇಂದ್ರ, ಅಗಲ, ಎತ್ತರ ತೆಗೆಯುತ್ತೆ. ಕೇಂದ್ರದಿಂದ ಅರ್ಧ ಅಗಲ ಹಿಂದಕ್ಕೆ ಬಂದರೆ ಮುಂಚೂಣಿ ಸಿಕ್ಕಿತು. ಒರಟು, ಆದರೆ ಎಲ್ಲೆಡೆ ನಡೆಯುತ್ತೆ. ಒಳನಾಡಿನ ನೀರಿಗೆ ಮೊದಲ ಆಯ್ಕೆ ಅದೇ ಇರಲಿ.

ಒಂದಕ್ಕಿಂತ ಹೆಚ್ಚು ಶಿಖರ ಇರುವ ಕಡೆ, ಮೊದಲ ಗಟ್ಟಿ ಶಿಖರವನ್ನು ಬೇರ್ಪಡಿಸಿ ಅದರ ಏರುವ ಬದಿಯಲ್ಲಿ ಅರ್ಧ ಎತ್ತರದ ಬಿಂದು ಹಿಡಿಯುವ ಥ್ರೆಶೋಲ್ಡ್ ವಿಧಾನ ಉತ್ತಮ. ಅದಕ್ಕೆ ವೇವ್‌ಫಾರ್ಮ್ ಇರುವ ದೊಡ್ಡ ಕಡತ ಬೇಕು. ಅರ್ಧವೋ ಮುಕ್ಕಾಲೋ, ಒಂದು ಭಾಗ ಆರಿಸಿದ ಮೇಲೆ ಕೊನೆತನಕ ಅದನ್ನೇ ಇಟ್ಟುಕೊಳ್ಳಿ. ಥ್ರೆಶೋಲ್ಡ್ ಬದಲಾದರೆ ಇಡೀ ಸರಣಿ ಮೇಲೆ ಅಥವಾ ಕೆಳಗೆ ಜರುಗುತ್ತೆ. ಒಂದು ಉಪಗ್ರಹಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ರಿಟ್ರ್ಯಾಕರ್ ಬಳಸಿ ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸುವುದಂತೂ ಕೂಡದು.

ಒಂದು ದಾಟಿನ ಬಿಂದುಗಳಿಂದ ಮಟ್ಟ ತೆಗೆಯಲು ಸರಾಸರಿ ಬೇಡ, ಮೀಡಿಯನ್ (ಸಾಲಾಗಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ಬಳಸಿ. ಮೀಡಿಯನ್‌ನಿಂದ ಪ್ರತಿ ಬಿಂದುವಿನ ದೂರದ ಮೀಡಿಯನ್ ತೆಗೆದು 1.4826ರಿಂದ ಗುಣಿಸಿ, ಅದರ ಮೂರು ಪಟ್ಟಿಗಿಂತ ಆಚೆ ಇರುವುದನ್ನು ಬಿಸಾಡಿ, ಮತ್ತೆ ಮೀಡಿಯನ್. ಉಳಿದ ಬಿಂದುಗಳ ಹರಡು 30 ಸೆಂ.ಮೀ. ದಾಟಿದರೆ ಆ ದಿನವನ್ನೇ ಬಿಟ್ಟುಬಿಡಿ. ಸಂಖ್ಯೆ ಚೆನ್ನಾಗಿ ಬಂದಿದೆ ಅಂತ ಹರಡು ನೋಡದೆ ಉಳಿಸಿಕೊಂಡ ದಿನಗಳೇ ಮುಂದೆ ತಲೆನೋವು.


ಗುರುತುಕಲ್ಲು | ಪೋಸ್ಟ್ 8

ಮೊದಲ ಪೋಸ್ಟ್‌ನ ಆ 80 ಮೀಟರ್ ಬಗ್ಗೆ. ಉಪಗ್ರಹಕ್ಕೆ ಗೊತ್ತಿರುವುದು ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹೊಂದಿಸಿದ ನಯವಾದ ಗಣಿತದ ಗೋಳ) ಮೇಲಿನ ಎತ್ತರ ಮಾತ್ರ. ಶ್ರೀಲಂಕಾದ ದಕ್ಷಿಣಕ್ಕೆ ಭೂಮಿಯ ಅತಿ ಆಳದ ಜಿಯಾಯ್ಡ್ ತಗ್ಗು ಇದೆ, ಅಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ 106 ಮೀಟರ್ ಕೆಳಗೆ. ಅದರ ಇಳಿಜಾರಿನಲ್ಲೇ ನಾವಿದ್ದೇವೆ. ಬೆಂಗಳೂರಿನ ಸುತ್ತ ಸುಮಾರು −86 ಮೀಟರ್. ಋಣ ಸಂಖ್ಯೆಯನ್ನು ಕಳೆಯುವುದೆಂದರೆ ಕೂಡುವುದು, ಹಾಗಾಗಿ ಮಟ್ಟ 498ರ ಹತ್ತಿರಕ್ಕೆ ಏರುತ್ತೆ.

ಉಳಿಕೆಯಲ್ಲಿ ಮೊದಲು ಪರೀಕ್ಷಿಸಬೇಕಾದ್ದು 70 ಸೆಂ.ಮೀ. ಟೋಪೆಕ್ಸ್ ಸಾಲಿನ ಉಪಗ್ರಹಗಳ ಎಲಿಪ್ಸಾಯ್ಡ್‌ಗೂ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್-84ಕ್ಕೂ ತ್ರಿಜ್ಯದಲ್ಲಿ ಅಷ್ಟು ವ್ಯತ್ಯಾಸ ಇದೆ: ಒಂದು 6378136.3 ಮೀಟರ್, ಇನ್ನೊಂದು 6378137.0. ಜೇಸನ್ ಕಡತಕ್ಕೆ ಹೊರಗಿನ ಜಿಯಾಯ್ಡ್ ಜಾಲ ಹಚ್ಚುವಾಗ ಇದು ನುಸುಳುತ್ತೆ. ಎರಡನೆಯದು ಶಾಶ್ವತ ಉಬ್ಬರದ (ಚಂದ್ರ–ಸೂರ್ಯರ ಸೆಳೆತದಿಂದ ಸದಾ ಉಳಿಯುವ ಉಬ್ಬು) ಪದ್ಧತಿ. ಇಜಿಎಂ-2008 ಎಂಬ ಜಿಯಾಯ್ಡ್ ಮಾದರಿ ಉಬ್ಬರರಹಿತ ರೂಪದಲ್ಲೂ ಸಿಗುತ್ತೆ, ಸರಾಸರಿ ಉಬ್ಬರದ ರೂಪದಲ್ಲೂ ಸಿಗುತ್ತೆ. ನಮ್ಮ 15 ಡಿಗ್ರಿ ಅಕ್ಷಾಂಶದಲ್ಲಿ ಎರಡರ ನಡುವೆ ಸುಮಾರು 10 ಸೆಂ.ಮೀ.

ಇದೆಲ್ಲ ಸರಿ ಮಾಡಿದರೂ ಅಣೆಕಟ್ಟಿನ ಸಂಖ್ಯೆಗೆ ಸರಿಯಾಗಿ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಅಣೆಕಟ್ಟಿನ ಮಾಪಕ ಭಾರತದ ಹಳೆಯ ಸಮುದ್ರಮಟ್ಟದ ಲೆವೆಲಿಂಗ್ ಜಾಲಕ್ಕೆ ಸೇರಿದ್ದು. ಆ ಜಾಲದ ಸೊನ್ನೆಯೂ ಇಜಿಎಂ ಸೊನ್ನೆಯೂ ಒಂದೇ ಅಲ್ಲ. ಕೆಲವು ಜಲಾಶಯಗಳಲ್ಲಿ ಸಮುದ್ರಮಟ್ಟದ ಪ್ರಸ್ತಾಪವೇ ಇಲ್ಲ: ಕೆಆರ್‌ಎಸ್‌ನ 124.80 ಅಡಿ, ಭದ್ರಾದ 186 ಅಡಿ ಅಲ್ಲಿಯದೇ ಸೊನ್ನೆಯಿಂದ ಎಣಿಸಿದವು. ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿಯ 519.60 ಮೀಟರ್ ಇವು ಸಮುದ್ರಮಟ್ಟದಿಂದ. ಪತ್ರಿಕೆಯ ಪಟ್ಟಿಯಲ್ಲಿ ಎಲ್ಲವೂ ಒಂದೇ ಕಾಲಂನಲ್ಲಿರುತ್ತವೆ, ಅದನ್ನು ನೋಡಿ ಒಂದೇ ಸೂತ್ರ ಹಚ್ಚಬೇಡಿ.

ಮಾಡಬೇಕಾದ್ದು ಇಷ್ಟು: ಉಪಗ್ರಹದ ಮಟ್ಟ ಮತ್ತು ಮಾಪಕದ ಮಟ್ಟ ಎರಡೂ ಇರುವ ದಿನಗಳ ವ್ಯತ್ಯಾಸಗಳ ಮೀಡಿಯನ್ ತೆಗೆಯಿರಿ. ಆ ಹಾದಿಗೆ, ಆ ಉಪಗ್ರಹಕ್ಕೆ, ಆ ರಿಟ್ರ್ಯಾಕರ್‌ಗೆ ಅದೇ ಬೈಯಸ್, ಅಂದರೆ ಸ್ಥಿರ ವ್ಯತ್ಯಾಸ. ಅದನ್ನು ಕಳೆದ ಮೇಲೆ ಉಳಿಯುವ ಹರಡು ನಿಜವಾದ ತಪ್ಪು. ಆ ಬೈಯಸ್ ಇನ್ನೊಂದು ಹಾದಿಗೆ ಹೊಂದುವುದಿಲ್ಲ, ಯಾಕೆಂದರೆ ಇಜಿಎಂ-2008ರ ಸೂಕ್ಷ್ಮತೆ 9 ಕಿ.ಮೀ. ಮಾತ್ರ. ಜಲಾಶಯದ ಒಂದು ತುದಿಯಲ್ಲಿ ಅದರ ತಪ್ಪು ಒಂದಾದರೆ ಇನ್ನೊಂದು ತುದಿಯಲ್ಲಿ ಬೇರೆ. ಹಾದಿ ಮರುಕಳಿಸುವವರೆಗೆ ಆ ತಪ್ಪು ಸ್ಥಿರ, ಬೈಯಸ್ ಜೊತೆ ಹೋಗುತ್ತೆ. 2016ರ ಜುಲೈ ನಂತರ ಹಾದಿ ಬಿಟ್ಟು ತೇಲಲು ಶುರುಮಾಡಿದ ಸರಳ್, 369 ದಿನಕ್ಕೊಮ್ಮೆ ಮರಳುವ ಕ್ರಯೋಸ್ಯಾಟ್-2 ಇವುಗಳಲ್ಲಿ ಪ್ರತಿ ದಾಟೂ ಹೊಸ ಜಾಗ, ಜಿಯಾಯ್ಡ್ ತಪ್ಪು ಪ್ರತಿ ಸಲ ಬೇರೆ.


ಕಕ್ಷೆಗಣಿತ | ಪೋಸ್ಟ್ 9

ಗುರುತುಕಲ್ಲು ಹೇಳಿದ್ದಕ್ಕೆ ಒಂದು ಸೇರಿಸಬೇಕು: ಗಂಟೆ. ಸೆಂಟಿನೆಲ್-3 ಸ್ಥಳೀಯ ಕಾಲಮಾನ ಬೆಳಿಗ್ಗೆ 10ರ ಅಥವಾ ರಾತ್ರಿ 10ರ ಸುಮಾರಿಗೆ ದಾಟುತ್ತೆ. ಮಾಪಕದ ಸಂಖ್ಯೆ ಸಾಮಾನ್ಯವಾಗಿ ಬೆಳಗಿನದು. ಜುಲೈ–ಆಗಸ್ಟ್‌ನಲ್ಲಿ ಒಳಹರಿವು ಹೊರಹರಿವಿಗಿಂತ ಒಂದು ಲಕ್ಷ ಕ್ಯೂಸೆಕ್ ಹೆಚ್ಚಿದ್ದರೆ ಗಂಟೆಗೆ 0.36 ಟಿಎಂಸಿ ಸೇರುತ್ತೆ. ರಾತ್ರಿ 10ರಿಂದ ಬೆಳಿಗ್ಗೆ 8ಕ್ಕೆ 3.6 ಟಿಎಂಸಿ. ಜಲಾಶಯ ತುಂಬುವ ಹಂತದಲ್ಲಿ ಒಂದು ಅಡಿಗೆ ನಾಲ್ಕು ಟಿಎಂಸಿ ಎಂದುಕೊಂಡರೆ ಮುಕ್ಕಾಲು ಅಡಿಗೂ ಹೆಚ್ಚು, 27 ಸೆಂ.ಮೀ. ಉಪಗ್ರಹದ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ಇದೇ ಆಗಿರುತ್ತೆ. ಹಿಂದಿನ ಮತ್ತು ಮುಂದಿನ ಬೆಳಗಿನ ಎರಡು ಓದುಗಳ ನಡುವೆ ಗಂಟೆ ಲೆಕ್ಕದಲ್ಲಿ ಇಂಟರ್‌ಪೊಲೇಟ್ ಮಾಡಿಯೇ ಹೋಲಿಸಿ.

ನೀರು ಚಪ್ಪಟೆ ಅನ್ನುವ ಊಹೆಯೂ ಮಳೆಗಾಲದಲ್ಲಿ ಪೂರ್ತಿ ನಿಲ್ಲುವುದಿಲ್ಲ. 105 ಟಿಎಂಸಿಯನ್ನು 378 ಚದರ ಕಿ.ಮೀ.ಗೆ ಹಂಚಿದರೆ ಸರಾಸರಿ ಆಳ ಎಂಟು ಮೀಟರ್ ಅಷ್ಟೇ. ಸೆಕೆಂಡಿಗೆ ಹತ್ತು ಮೀಟರ್ ಗಾಳಿ 40 ಕಿ.ಮೀ. ಉದ್ದಕ್ಕೆ ಒಂದೇ ಸಮ ಬೀಸಿದರೆ ಎರಡು ತುದಿಗಳ ನಡುವೆ ಏಳೆಂಟು ಸೆಂ.ಮೀ. ಓರೆ ನಿಲ್ಲುತ್ತೆ. ಪ್ರವಾಹ ಬಂದಾಗ ಬಾಲದ ಕಡೆ ನದಿಯ ಇಳಿಜಾರು ಇನ್ನೂ ಉಳಿದಿರುತ್ತೆ, ಅಲ್ಲಿ ದಾಟುವ ಹಾದಿ ಅಣೆಕಟ್ಟಿಗಿಂತ ಹೆಚ್ಚು ಮಟ್ಟ ತೋರಿಸಿದರೆ ಅದು ನಿಜವೇ.


ಮಲೆನೀರು | ಪೋಸ್ಟ್ 10

ಈ ಎಲ್ಲ ಕಷ್ಟ ಸ್ವಾಟ್‌ನಲ್ಲಿ ಇಲ್ಲವಲ್ಲ. ಅಗಲ ಪಟ್ಟಿಯಲ್ಲಿ ಇಡೀ ಜಲಾಶಯ ಒಂದೇ ಸಲ ಸಿಗುತ್ತೆ, ಹಾದಿ ಹುಡುಕುವ ಗೋಜಿಲ್ಲ. ಇನ್ನು ನೇರ ಕೆಳಗೆ ನೋಡುವವುಗಳನ್ನು ಬಿಟ್ಟುಬಿಡಬಹುದು ಅನಿಸುತ್ತೆ.


ಕಕ್ಷೆಗಣಿತ | ಪೋಸ್ಟ್ 11

ಬಿಡಲಾಗದು. ಸ್ವಾಟ್ ಹೋದದ್ದು 2022ರ ಡಿಸೆಂಬರ್ 16ರಂದು, ವೈಜ್ಞಾನಿಕ ಕಕ್ಷೆಗೆ ಬಂದದ್ದು 2023ರ ಜುಲೈನಲ್ಲಿ. ಅದಕ್ಕೂ ಹಿಂದಿನ ಬರ, ನೆರೆ ಏನನ್ನೂ ಅದು ಕಂಡಿಲ್ಲ. ವಿಕ್ಟೋರಿಯಾ ಸರೋವರ 1997–98ರಲ್ಲಿ ಒಂದೂವರೆ ಮೀಟರ್‌ಗೂ ಹೆಚ್ಚು ಏರಿದ್ದು ಬಾಹ್ಯಾಕಾಶದಿಂದ ದಾಖಲಾಗಿರುವುದು ಟೋಪೆಕ್ಸ್‌ನಿಂದ.

ಸ್ವಾಟ್‌ನ ಶಕ್ತಿ ದೊಡ್ಡದು, ಒಪ್ಪುತ್ತೇನೆ. ಹತ್ತು ಮೀಟರ್ ಉದ್ದದ ಕಂಬದ ಎರಡು ತುದಿಗೆ ಎರಡು ಆಂಟೆನಾ, ಕೆಎ ಬ್ಯಾಂಡ್ ರಾಡಾರ್, 120 ಕಿ.ಮೀ. ಪಟ್ಟಿ, ನಡುವೆ 20 ಕಿ.ಮೀ. ಖಾಲಿ. ಒಂದು ಚದರ ಕಿ.ಮೀ.ಗಿಂತ ದೊಡ್ಡ ನೀರಿಗೆ 10 ಸೆಂ.ಮೀ., 250 ಮೀಟರ್ ಚೌಕದಷ್ಟು ಸಣ್ಣದಕ್ಕೆ 25 ಸೆಂ.ಮೀ. ನಿಖರತೆ ಅದರ ಗುರಿ. ಆದರೆ ಆವರ್ತನೆ 21 ದಿನ. ನಮ್ಮ ಅಕ್ಷಾಂಶದಲ್ಲಿ ಒಂದು ಆವರ್ತನೆಯಲ್ಲಿ ಒಂದೋ ಎರಡೋ ನೋಟ ಸಿಗುತ್ತೆ, ಅದೂ ಸಮ ಅಂತರದಲ್ಲಿ ಅಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟ್ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಅಷ್ಟು ದೊಡ್ಡ ಇಳಿಕೆ 27 ದಿನದ ಎರಡು ದಾಟುಗಳ ನಡುವೆ ಪೂರ್ತಿ ಅಡಗಿ ಕೂರಬಲ್ಲದು, 21 ದಿನದ್ದರಲ್ಲೂ ಅಷ್ಟೇ. ಆದ್ದರಿಂದ ಸಿಗುವ ಎಲ್ಲ ಉಪಗ್ರಹಗಳನ್ನೂ, ಪ್ರತಿಯೊಂದಕ್ಕೂ ಅದರದೇ ಬೈಯಸ್ ಕಳೆದು, ಒಂದೇ ಗೆರೆಯಲ್ಲಿ ಸೇರಿಸಬೇಕು.

ಸ್ವಾಟ್ ಬಳಸುವಾಗ ನೋಡಬೇಕಾದವು. ಗಾಳಿಯಿಲ್ಲದ ಕನ್ನಡಿ ನೀರು ಸ್ವಾಟ್‌ಗೆ ಕಪ್ಪಾಗಿ ಕಾಣುತ್ತೆ. ರಾಡಾರ್ ಅಲೆ ನಾಲ್ಕು ಡಿಗ್ರಿಯೊಳಗಿನ ಓರೆಯಲ್ಲಿ ಬಿದ್ದು ಆಚೆ ಜಾರಿಹೋಗುತ್ತೆ, ವಾಪಸ್ ಬರುವುದಿಲ್ಲ. ಸರೋವರ ಕಡತದಲ್ಲಿ ಕಪ್ಪು ನೀರಿನ ಪಾಲು ಎಷ್ಟೆಂದು ಒಂದು ಕಾಲಂ ಇರುತ್ತೆ, ಅದು ಅರ್ಧ ದಾಟಿದರೆ ಆ ದಿನದ ಹರವು ನಂಬಬೇಡಿ. ಅಡ್ಡಹಾಯ್ವ ಹಾದಿಗಳಿಂದ ಮಾಡುವ ತಿದ್ದುಪಡಿಯ ಗುಣಮಟ್ಟದ ಗುರುತು ಕೆಟ್ಟದ್ದಾಗಿದ್ದರೆ ಉಪಗ್ರಹದ ಉರುಳು ಕೋನದ ತಪ್ಪು ಉಳಿದಿದೆ ಎಂದರ್ಥ, ಪಟ್ಟಿಯ ಒಂದಂಚಿನಿಂದ ಇನ್ನೊಂದಂಚಿಗೆ ಮಟ್ಟ ಓರೆಯಾಗಿರುತ್ತೆ. ಇಡೀ ಜಲಾಶಯ ಒಂದೇ ದಿನ ಹಲವಾರು ಮೀಟರ್ ನೆಗೆದು ಮುಂದಿನ ನೋಟಕ್ಕೆ ವಾಪಸ್ ಬಂದರೆ ಫೇಸ್ ಬಿಚ್ಚುವಲ್ಲಿ (ಎರಡು ಆಂಟೆನಾಗಳಿಗೆ ಬಂದ ಅಲೆಗಳ ಅಂತರದಿಂದ ಎತ್ತರ ಬಿಡಿಸುವಲ್ಲಿ) ತಪ್ಪಾಗಿದೆ.

ನದಿ ಹಾದುಹೋಗುವ ಜಲಾಶಯವಾದ್ದರಿಂದ ಪಿಕ್ಸೆಲ್‌ಗಳು ನದಿಯ ಕಡತಕ್ಕೂ ಹಂಚಿಹೋಗಿರಬಹುದು. ಸರೋವರ ಕಡತದಲ್ಲಿ ಹರವು ವಿಚಿತ್ರವಾಗಿ ಕಮ್ಮಿ ಕಂಡರೆ 100 ಮೀಟರ್ ರಾಸ್ಟರ್ (ಚೌಕಗಳ ಜಾಲದ ಕಡತ) ತೆರೆಯಿರಿ. ಆ ಕಡತಗಳು ಯುಟಿಎಂ ನಕ್ಷಾ ವಲಯಗಳ ಪ್ರಕಾರ ಇರುತ್ತವೆ, ತುಂಗಭದ್ರೆ 43ನೇ ವಲಯದಲ್ಲಿದೆ. ರಾಸ್ಟರ್‌ನಲ್ಲಿ ಗುಣಮಟ್ಟದ ಅಂಕಿ 0 ಅಥವಾ 1 ಇರುವ ಪಿಕ್ಸೆಲ್ ಇಟ್ಟುಕೊಂಡು, ದಡದಿಂದ ಒಳಕ್ಕೆ ಎರಡು ಪಿಕ್ಸೆಲ್ ಸವರಿ ತೆಗೆದು, ಮೀಡಿಯನ್. ಸಂಸ್ಕರಣೆಯ ಸಿ ಮತ್ತು ಡಿ ಆವೃತ್ತಿಗಳನ್ನು ಒಂದೇ ಸರಣಿಯಲ್ಲಿ ಬೆರೆಸಬೇಡಿ.


ಕೆರೆಯೇರಿ | ಪೋಸ್ಟ್ 12

ಜಲಾಶಯಕ್ಕೆ ಮಾಪಕ ಇದ್ದೇ ಇದೆ. ನಿಜವಾದ ಅಗತ್ಯ ಇರುವುದು ಕೆರೆಗಳಿಗೆ. ರಾಜ್ಯದ ಸಾವಿರಾರು ಕೆರೆಗಳಲ್ಲಿ ಮಟ್ಟವನ್ನು ನಿತ್ಯ ಬರೆದಿಡುವ ವ್ಯವಸ್ಥೆಯೇ ಇಲ್ಲ. ಅಂಥ ಕಡೆ ಐಸ್‌ಸ್ಯಾಟ್-2 ಎಷ್ಟು ಉಪಯೋಗ? ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗೆ ಸ್ವಾಟ್ ಆಗುತ್ತಾ?


ಅಲೆಯಳತೆ | ಪೋಸ್ಟ್ 13

ಐಸ್‌ಸ್ಯಾಟ್-2 ರಾಡಾರ್ ಅಲ್ಲ, 532 ನ್ಯಾನೋಮೀಟರ್‌ನ ಹಸಿರು ಲೇಸರ್. ಸೆಕೆಂಡಿಗೆ 10,000 ಮಿಣುಕು, ಹಾದಿಯಲ್ಲಿ ಪ್ರತಿ 70 ಸೆಂ.ಮೀ.ಗೆ ಒಂದು. ಆರು ಕಿರಣ, ಮೂರು ಜೋಡಿ, ಜೋಡಿಗಳ ನಡುವೆ 3.3 ಕಿ.ಮೀ. ನೆಲದ ಮೇಲೆ ಬೆಳಕಿನ ಚುಕ್ಕೆ ಹದಿನೈದು ಮೀಟರ್ ಒಳಗೇ ಇರುವುದರಿಂದ ಓರೆನೋಟದ ರಗಳೆಯಿಲ್ಲ. ನೂರಿನ್ನೂರು ಮೀಟರ್ ಅಗಲದ ಕೆರೆಯನ್ನೂ ಕೆಲವೇ ಸೆಂ.ಮೀ. ನಿಖರತೆಯಲ್ಲಿ ಹಿಡಿಯುತ್ತೆ.

ಆದರೆ ಮೋಡ ಕವಿದರೆ ಏನೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆರೆ ತುಂಬುವ ಕಾಲವೇ ತಪ್ಪುತ್ತೆ. 91 ದಿನಕ್ಕೊಮ್ಮೆ ಬರುವುದಾದರೂ, ಧ್ರುವದಿಂದ ದೂರದ ನೆಲದ ಮೇಲೆ ಕಾಡುಗಳ ನಕ್ಷೆಗಾಗಿ ಮೊದಲ ವರ್ಷಗಳಲ್ಲಿ ಕಿರಣವನ್ನು ಬೇಕೆಂದೇ ಪಕ್ಕಕ್ಕೆ ತಿರುಗಿಸಿದ್ದರು, ಅದೇ ಕೆರೆಗೆ ಮತ್ತೆ ಬಿದ್ದಿರುತ್ತೆ ಅನ್ನುವ ಖಾತ್ರಿಯಿಲ್ಲ. ನಿಶ್ಚಲ ನೀರಿನಲ್ಲಿ ಬೆಳಕು ಹೆಚ್ಚಾಗಿ ಡಿಟೆಕ್ಟರ್ ತುಂಬಿಹೋದರೆ ಮೇಲ್ಮೈಗೆ ಅರ್ಧ ಮೀಟರ್ ಕೆಳಗೆ ಇನ್ನೊಂದು ಸುಳ್ಳು ಪದರ ಏಳುತ್ತೆ. ಅದನ್ನು ಕೆರೆಯ ತಳ ಎಂದು ತಿಳಿಯಬಾರದು. ತಿಳಿನೀರಿನಲ್ಲಿ ನಿಜವಾದ ತಳವೂ ಕಾಣುತ್ತೆ. ಎರಡನ್ನೂ ಬೇರ್ಪಡಿಸುವ ಗುರುತು: ಸುಳ್ಳು ಪದರ ಮೇಲ್ಮೈಗೆ ಪೂರ್ತಿ ಸಮಾನಾಂತರ, ನಿಜವಾದ ತಳ ದಡದ ಕಡೆ ಏರಿ ಮೇಲ್ಮೈಯನ್ನು ಸೇರುತ್ತೆ.

ಬೆಳ್ಳಂದೂರು ಕೆರೆ ಗಾತ್ರದ ದೃಷ್ಟಿಯಿಂದ ಸ್ವಾಟ್‌ಗೆ ಧಾರಾಳ. ತೊಂದರೆ ಇರುವುದು ಅಂತರಗಂಗೆ, ಜೊಂಡು ಮುಚ್ಚಿದ ಭಾಗದಲ್ಲಿ ಮತ್ತು ಸುತ್ತಲ ಎತ್ತರದ ಕಟ್ಟಡಗಳಲ್ಲಿ. ಕಟ್ಟಡದ ಪ್ರತಿಧ್ವನಿ ನೀರಿನ ಪ್ರತಿಧ್ವನಿಯ ಜೊತೆ ಒಂದೇ ಹೊತ್ತಿಗೆ ಬಂದು ಮೇಲೆ ಬೀಳುತ್ತೆ. ಸರೋವರದ ಸರಾಸರಿ ಸಂಖ್ಯೆ ಬಿಟ್ಟು, ತೆರೆದ ನೀರಿನ ನಡುವಿನ ಪಿಕ್ಸೆಲ್‌ಗಳನ್ನು ಕೈಯಿಂದ ಗುರುತು ಹಾಕಿ ತೆಗೆಯುವುದು ಮೇಲು.

ಹಳ್ಳಿ ಕೆರೆಗೆ ನನ್ನ ಸಲಹೆ: ಮಟ್ಟವನ್ನು ನೇರವಾಗಿ ಬೆನ್ನಟ್ಟಬೇಡಿ. ಐಸ್‌ಸ್ಯಾಟ್-2 ದಾಟಿದ ಕೆಲವು ದಿನಗಳ ಮಟ್ಟಕ್ಕೆ, ಅದೇ ವಾರದ ಸೆಂಟಿನೆಲ್-2 ಚಿತ್ರದ ಹರವು ಜೋಡಿಸಿ ಹರವು–ಮಟ್ಟದ ರೇಖೆ ಮಾಡಿ. ಕೆರೆ ಒಣಗಿದ್ದಾಗ ಲೇಸರ್ ದಾಟಿದ್ದರೆ ಅಂಗಳದ ಅಡ್ಡಸೀಳು ಪೂರ್ತಿ ಸಿಗುತ್ತೆ, ಅದಕ್ಕಿಂತ ಒಳ್ಳೆಯ ದತ್ತಾಂಶ ಇಲ್ಲ. ಆಮೇಲೆ ಪ್ರತಿ ಐದಾರು ದಿನದ ಹರವಿನಿಂದಲೇ ಮಟ್ಟ ಓದಬಹುದು. ಮೋಡದ ತಿಂಗಳುಗಳಲ್ಲಿ ಸೆಂಟಿನೆಲ್-1 ರಾಡಾರ್ ಚಿತ್ರ.


ತುಂಗಾತೀರ | ಪೋಸ್ಟ್ 14

ಹಾಗೇ ಟಿಎಂಸಿ ಲೆಕ್ಕಕ್ಕೂ ಒಂದು ಎಚ್ಚರ ಇಲ್ಲಿರಲಿ. ಒಂದು ಟಿಎಂಸಿ ಅಂದರೆ 28.3 ದಶಲಕ್ಷ ಘನ ಮೀಟರ್. ತುಂಗಭದ್ರೆ ತುಂಬಿರುವಾಗ ಮಟ್ಟದಲ್ಲಿ 10 ಸೆಂ.ಮೀ. ತಪ್ಪಾದರೆ ಸಂಗ್ರಹದಲ್ಲಿ 1.3 ಟಿಎಂಸಿ ತಪ್ಪು. ಬೇಸಿಗೆಯಲ್ಲಿ ಹರವು ಐದರಲ್ಲೊಂದಕ್ಕೆ ಕುಗ್ಗಿದ್ದರೆ ಅದೇ 10 ಸೆಂ.ಮೀ. ಕಾಲು ಟಿಎಂಸಿ ಮಾತ್ರ.


ಗುರುತುಕಲ್ಲು | ಪೋಸ್ಟ್ 15

ಸಂಗ್ರಹ ತೆಗೆಯಲು ಎಸ್‌ಆರ್‌ಟಿಎಂ ಎತ್ತರದ ನಕ್ಷೆ ಬಳಸುವವರು ಗಮನಿಸಿ: ಅದನ್ನು ಅಳೆದದ್ದು 2000ದ ಫೆಬ್ರವರಿಯಲ್ಲಿ. ಆ ದಿನ ನೀರಿನ ಕೆಳಗಿದ್ದದ್ದು ಅದರಲ್ಲಿ ಚಪ್ಪಟೆ ಹಾಳೆ. ಅದಕ್ಕಿಂತ ಕೆಳಗಿನ ಭಾಗಕ್ಕೆ ಆಲ್ಟಿಮೀಟರ್ ಮಟ್ಟ ಮತ್ತು ಚಿತ್ರದ ಹರವು ಸೇರಿಸಿ ನೀವೇ ರೇಖೆ ಎಳೆಯಬೇಕು. ಹೂಳಿನಿಂದ ತುಂಗಭದ್ರೆಯ ಸಂಗ್ರಹ ಮೂಲದ 133 ಟಿಎಂಸಿಯಿಂದ ಈಗಿನ 105.788 ಟಿಎಂಸಿಗೆ ಇಳಿದಿದೆ. ಹಳೆಯ ಮಟ್ಟ–ಸಂಗ್ರಹ ಕೋಷ್ಟಕಕ್ಕೆ ಹೊಸ ಮಟ್ಟ ಹಾಕಿದರೆ ಇಲ್ಲದ ನೀರನ್ನು ಎಣಿಸಿದಂತೆ.


ಕಕ್ಷೆಗಣಿತ | ಪೋಸ್ಟ್ 16

ಮೊದಲ ಸಲ ಶುರುಮಾಡುವವರು ಡಿಸೆಂಬರ್–ಫೆಬ್ರವರಿಯ ದಾಟುಗಳನ್ನೇ ಆರಿಸಿಕೊಳ್ಳಿ. ಒಳಹರಿವು ಇರುವುದಿಲ್ಲ, ಕಾಲುವೆಗೆ ಬಿಡುವ ನೀರಿನಿಂದ ಮಟ್ಟ ದಿನಕ್ಕಿಷ್ಟು ಎಂದು ಸಮನಾಗಿ ಇಳಿಯುತ್ತೆ, ಹಾಗಾಗಿ ಗಂಟೆಯ ವ್ಯತ್ಯಾಸ ಬಾಧಿಸುವುದಿಲ್ಲ. ಆಕಾಶ ತಿಳಿಯಾಗಿದ್ದು ಐಸ್‌ಸ್ಯಾಟ್-2 ಕೂಡ ಸಿಗುವ ಸಂಭವ ಹೆಚ್ಚು. ಬೈಯಸ್ ಅನ್ನು ಆ ತಿಂಗಳುಗಳಲ್ಲೇ ಕಟ್ಟಿಕೊಂಡು, ಜುಲೈನ ದಾಟುಗಳಿಗೆ ಹಚ್ಚಿ ನೋಡಿ. ಉಪಗ್ರಹದಿಂದ ಅಳೆದ ಜಲಮಟ್ಟ ಕೊಡುವ ತಾಣಗಳಾದ ಡೆಹಿಟಿ ಅಥವಾ ಹೈಡ್ರೋವೆಬ್‌ನಲ್ಲಿ ಅದೇ ಜಲಾಶಯದ ಸಿದ್ಧ ಸರಣಿ ಸಿಕ್ಕರೆ, ಮಾಪಕದ ಜೊತೆ ಹೋಲಿಸುವ ಮುಂಚೆ ಅದರ ಜೊತೆ ಹೋಲಿಸಿ: ಎರಡೂ ಏರಿಳಿತ ಒಂದೇ ಆಗಿದ್ದು ನಡುವೆ ಸ್ಥಿರ ಅಂತರ ಮಾತ್ರ ಇದ್ದರೆ ನಿಮ್ಮ ಲೆಕ್ಕ ಸರಿಯಾಗಿದೆ, ಅಂತರ ಋತುವಿನ ಜೊತೆ ಬದಲಾಗುತ್ತಿದ್ದರೆ ತೇವಾಂಶದ ತಿದ್ದುಪಡಿಯನ್ನೋ ನೀರಿನ ಗಡಿಯನ್ನೋ ಮತ್ತೊಮ್ಮೆ ನೋಡಬೇಕು.